ದೋಸೆಗೆ ಇಟ್ಟ ಅಕ್ಕಿ

ಸಿಂಧನೂರಿನಲ್ಲಿ ರೇಷನ್ ಅಕ್ಕಿಯನ್ನು ಯಾರೂ ಉಣ್ಣುವುದಿಲ್ಲ. ಯಾರನ್ನು ಬೇಕಾದರೂ ಕೇಳಿ, ದೋಸೆಗೆ ಇಟ್ಟಿದ್ದೇವೆ ಅನ್ನುತ್ತಾರೆ. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು, ಬೆರಳಚ್ಚು ಕೊಟ್ಟು ನಿಲ್ಲುವವರೆಲ್ಲ ದೋಸೆಯ ಮಂದಿಯೇ. ಅವರು ಹೇಳುವುದು ಖರೆಯಾಗಿದ್ದರೆ ನಮ್ಮ ಓಣಿಯಲ್ಲಿ ಮೂರು ಹೊತ್ತೂ ದೋಸೆಯ ಹಂಚು ಒಲೆಯಿಂದ ಇಳಿಯುವಂತಿರಲಿಲ್ಲ. ಕಾಲುವೆ ನೀರು ಬಂದ ಮೇಲೆ ಭತ್ತದಿಂದಲೇ ಮೇಲೆದ್ದ ಊರು ನಮ್ಮದು. ಊರ ಸುತ್ತ ಅಕ್ಕಿ ಗಿರಣಿಗಳು, ದಢೇಸುಗೂರಿನ ಕಡೆ ಹೊರಟರೆ ಕಣ್ಣು ಹಾಯುವವರೆಗೂ ಗದ್ದೆ. ಇಂಥ ಊರಿನಲ್ಲಿ ಕೂತು ಸರಕಾರದ ಅಕ್ಕಿ ಉಣ್ಣುತ್ತೇವೆ ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ನನಗೂ ಬರಲಿಲ್ಲ. ಆ ಅಕ್ಕಿಯ ದೆಸೆಯಿಂದ ನನ್ನ ನಾದಿನಿ ತವರುಮನೆಯನ್ನೇ ಕಳೆದುಕೊಳ್ಳುವ ಹಾಗಾಯಿತು. ಕಳೆಯಹೊರಟವಳು ನಾನೇ ಆದ್ದರಿಂದ ಹೇಳುವ ಕೆಲಸವೂ ನನ್ನದೇ.

ಬಜೆಟ್ ಎಂಬುದು ನಮ್ಮ ಮನೆಗೆ ಬಂದದ್ದು ನನ್ನ ಗಂಡನ ಫೋನಿನಿಂದ. ಅವರು ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ದಿನವಿಡೀ ಇನ್ನೊಬ್ಬರ ಲೆಕ್ಕ ಬರೆದು ದಣಿದ ಮನುಷ್ಯ ಮನೆಗೆ ಬಂದು ಕಾಲು ಚಾಚಿ ಕೂಡಬೇಕು. ಇವರು ಹಾಗಲ್ಲ, ಫೋನಿನಲ್ಲಿ ಬುದ್ಧಿವಾದ ಕೇಳುತ್ತಾರೆ. ಕೋಟು ತೊಟ್ಟ ಒಬ್ಬಾತ ಬಿಳಿ ಹಲಗೆಯ ಮುಂದೆ ನಿಂತು, ಕಿರಾಣಿ ಖರ್ಚು ಹಿಡಿದರೆ ಯಾರು ಬೇಕಾದರೂ ಸಾಹುಕಾರರಾಗಬಹುದು ಎಂದು ಹೇಳುತ್ತಿದ್ದ. ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಒಂದು ದಿನವಾದರೂ ಕಾಲು ಕಿಲೋ ಜೀರಿಗೆ ಕೊಂಡು ತಂದಿದ್ದನೋ ಇಲ್ಲವೋ. ಅವನ ಮಾತು ಕೇಳಿ ನನ್ನ ಗಂಡ ತಿಂಗಳ ಖರ್ಚಿನ ದುಡ್ಡು ಹಂಚಿ ಇಡಲು ನಾಲ್ಕು ಲಕೋಟೆ ತಂದರು. ಒಂದರ ಮೇಲೆ ಕಿರಾಣಿ, ಇನ್ನೊಂದರ ಮೇಲೆ ಹಾಲು, ಮತ್ತೊಂದರ ಮೇಲೆ ಕಾಯಿಪಲ್ಲೆ ಎಂದು ಗುಂಡಗೆ ಬರೆದರು. ನಾಲ್ಕನೆಯದರ ಮೇಲೆ 'ಇತರೆ' ಎಂದು ಬರೆದರು. ಅದೇ ಎಲ್ಲಕ್ಕಿಂತ ತೆಳ್ಳಗಿತ್ತು.

ಇಷ್ಟೆಲ್ಲ ಯಾತಕ್ಕೆಂದರೆ ಒಂದು ಸೈಟಿಗೆ. ಗಂಗಾವತಿ ರಸ್ತೆಯ ಕಡೆ ಯಾರೋ ಗದ್ದೆಗೆ ಮಣ್ಣು ತುಂಬಿಸಿ, ಕಲ್ಲು ನೆಟ್ಟು, ಬಣ್ಣ ಬಳಿದ ಕಮಾನು ನಿಲ್ಲಿಸಿ ಲೇಔಟ್ ಅಂದಿದ್ದರು. ಕಂತಿನ ಮೇಲೆ ಕೊಡುತ್ತಾರಂತೆ. ಇರುವ ಮನೆ ಸ್ವಂತದ್ದು, ಅತ್ತೆ ಮಾವ ಕಟ್ಟಿಸಿದ್ದು, ನಾವಿಬ್ಬರು ಮತ್ತು ಎರಡು ಮಕ್ಕಳಿಗೆ ಧಾರಾಳ ಸಾಕು. ಆದರೆ ಅಂಗಡಿಯಲ್ಲಿ ಎಲ್ಲರದೂ ಸೈಟ್ ಆಗಿದೆ, ತಮ್ಮದೊಂದು ಆಗಿಲ್ಲ ಎಂದು ಇವರಿಗೆ ನಿದ್ದೆ ಬರಲಿಲ್ಲ. ಅಕ್ಕಿ ಬೆಳೆಯುವ ಮಣ್ಣು ಕೊಳ್ಳುವುದಕ್ಕಾಗಿ ಅಕ್ಕಿ ಉಣ್ಣುವುದನ್ನು ಬಿಡಬೇಕು ಎಂಬುದೇ ಅವರ ಯೋಜನೆಯ ಸಾರ. ನಾನು ನಕ್ಕೆ. ಆಗ ಅವರು ಒಂದು ಮಾತು ಅಂದರು.

"ಹೆಣ್ಮಕ್ಕಳ ಕೈಯಾಗ ಕಿರಾಣಿ ಒಂದು ವರ್ಷ ಹಿಡಿತದಾಗ ಇರಂಗಿಲ್ಲ ಬಿಡು."

ನಗುವುದನ್ನು ಮುಂದುವರಿಸಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನದು ಬೇಗ ಕೆರಳುವ ಸ್ವಭಾವ. ಒಂದು ವರ್ಷ ಹಿಡಿದು ತೋರಿಸುತ್ತೇನೆ, ಇಟ್ಟ ದುಡ್ಡು ಮೀರಿ ಕಿರಾಣಿಯ ಲಕೋಟೆ ಒಂದು ತಿಂಗಳೂ ಹರಿಯುವುದಿಲ್ಲ ಎಂದು ಹಟ ತೊಟ್ಟೆ. ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು, ರಾಶಿಗಟ್ಟಲೆ ಪುಸ್ತಕ ಓದಿದವಳು. ಇಷ್ಟು ಅಗ್ಗದ ಗಾಳಕ್ಕೆ ಹೀಗೆ ಸಲೀಸಾಗಿ ಬಿದ್ದೆ.

ಮೊದಲು ಕತ್ತರಿ ಬಿದ್ದದ್ದು ನನ್ನ ಅಣ್ಣನ ಅಂಗಡಿಗೆ. ನನ್ನ ತವರು ಮಸ್ಕಿ. ಬಸ್ ನಿಲ್ದಾಣದ ಎದುರಿಗೆ ಅಣ್ಣನದು ಕಿರಾಣಿ ಅಂಗಡಿ. ಮದುವೆಯಾದಂದಿನಿಂದ ನಮ್ಮ ಮನೆಯ ತೊಗರಿಬೇಳೆ, ಶೇಂಗಾ, ಬೆಲ್ಲ ಅಲ್ಲಿಂದಲೇ ಬಸ್ಸಿನಲ್ಲಿ ಬರುತ್ತಿತ್ತು. ಅಣ್ಣ ಆಫರ್ ಕೊಡುವುದಿಲ್ಲ ಎಂಬುದು ಇವರ ತಕರಾರು. ಊರಿಗೆ ಹೊಸದಾಗಿ ಬಂದ ಮಾರ್ಟಿನಲ್ಲಿ ಒಂದು ಕೊಂಡರೆ ಒಂದು ಪುಕ್ಕಟೆ. ನನ್ನನ್ನು ಕರೆದುಕೊಂಡು ಹೋಗಿ, ತಳ್ಳುಗಾಡಿಯನ್ನು ತಾವೇ ಹಿಡಿದು, ತಣ್ಣನೆಯ ಗಾಳಿಯಲ್ಲಿ ಒಂದು ತಾಸು ತಿರುಗಿಸಿದರು. ಬೇಳೆ ತರಲು ಹೋದವರು ನೆಲ ಒರೆಸುವ ಫಿನಾಯಿಲಿನ ನಾಲ್ಕು ಬಾಟಲಿ ಹೊತ್ತು ತಂದೆವು. ಎರಡು ಪುಕ್ಕಟೆ ಸಿಕ್ಕವು ಎಂದು ಇವರು ದಾರಿಯುದ್ದಕ್ಕೂ ಹಿಗ್ಗಿದರು. ನಮ್ಮ ಮನೆಯ ಇಷ್ಟಗಲದ ನೆಲಕ್ಕೆ ಆ ಬಾಟಲಿಗಳು ಇನ್ನೂ ಸಾಲುತ್ತಿವೆ.

ಆಮೇಲೆ ನಾನೇ ಹಿಡಿತ ತೆಗೆದುಕೊಂಡೆ. ಒಗ್ಗರಣೆಯ ಎಣ್ಣೆ ಚಮಚಕ್ಕೆ ಇಳಿಯಿತು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯಲ್ಲಿ ಶೇಂಗಾ ಕಡಿಮೆಯಾಗಿ ಖಾರ ಹೆಚ್ಚಾಯಿತು. ಮಕ್ಕಳು ಎರಡನೆಯ ಸಲ ತುಪ್ಪ ಕೇಳಿದರೆ ಕಣ್ಣು ಬಿಡುತ್ತಿದ್ದೆ. ಬಜೆಟ್ಟಿನ ಕರ್ತೃ ಮಾತ್ರ ಅಂಗಡಿ ಬಿಟ್ಟ ಮೇಲೆ ಗೆಳೆಯರ ಜೊತೆ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ಹೊಡೆದು ಬರುತ್ತಿದ್ದರು. ಮೀಸೆಯಲ್ಲಿ ಪುಟಾಣಿ ಹಿಟ್ಟು ಅಂಟಿಕೊಂಡೇ ಮನೆಗೆ ಬಂದು, ಇವತ್ತು ಹಸಿವಿಲ್ಲ, ಅಷ್ಟರ ಮಟ್ಟಿಗೆ ಉಳಿತಾಯ ಎನ್ನುತ್ತಿದ್ದರು. ಅವರನ್ನು ಹೀಗಳೆಯುತ್ತಲೇ ನಾನು ಅವರಿಗಿಂತ ಕಡೆಯಾದೆ. ಬರಬರುತ್ತ ಲಕೋಟೆಯಲ್ಲಿ ತಿಂಗಳ ಕೊನೆಗೆ ಒಂದಿಷ್ಟು ಉಳಿದರೆ ನನಗೇ ಹಬ್ಬವಾಗತೊಡಗಿತು.

ಅಡುಗೆಮನೆಯಲ್ಲಿ ಅಕ್ಕಿಯದು ಎರಡು ಡಬ್ಬಿ. ನೀಲಿ ಮುಚ್ಚಳದ್ದರಲ್ಲಿ ಸೋನಾ ಮಸೂರಿ, ಕೆಂಪು ಮುಚ್ಚಳದ್ದರಲ್ಲಿ ರೇಷನ್ ಅಕ್ಕಿ, ಅಂದರೆ ದೋಸೆಗೆ ಇಟ್ಟದ್ದು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕೆಂಪು ಡಬ್ಬಿಯೇ ಮನೆ ನಡೆಸತೊಡಗಿತು. ಮುಂಜಾನೆ ರೊಟ್ಟಿ, ಸಂಜೆ ಆ ಅನ್ನ. ಯಾರಾದರೂ ಬಂದರೆ ಮಾತ್ರ ನೀಲಿ ಡಬ್ಬಿ ತೆರೆಯುತ್ತಿದ್ದೆ. ಐದನೆಯ ತಿಂಗಳು ಅದೂ ತಳ ಕಂಡಿತು. ಹೊಸ ಚೀಲ ತಂದರೆ ಲಕೋಟೆ ಹರಿಯುತ್ತದೆ ಎಂದು ತರಿಸಲಿಲ್ಲ. ಪಕ್ಕದ ಮನೆಯಾಕೆ ಕುಕ್ಕರಿನ ವಾಸನೆ ಹಿಡಿದು, ರೇಷನ್ನಿನದೇನು ಎಂದು ಕೇಳಿದಳು. ದೋಸೆಗೆ ನೆನೆ ಹಾಕಿದ್ದೆ ಎಂದೆ. ಅವಳ ಮನೆಯದೂ ಅದೇ ವಾಸನೆ, ಅವಳೂ ದೋಸೆಯವಳೇ, ಇಬ್ಬರೂ ತಲೆಯಾಡಿಸಿ ಒಳಗೆ ಹೋದೆವು.

ಹೀಗಿರುವಾಗ ನಾಗರ ಪಂಚಮಿ ಬಂತು, ಪಂಚಮಿಗೆ ನನ್ನ ನಾದಿನಿ ಬಂದಳು.

ಅವಳು ನನ್ನ ಗಂಡನಿಗೆ ಒಬ್ಬಳೇ ತಂಗಿ. ಲಿಂಗಸುಗೂರು ತಾಲೂಕಿನ ಗುರುಗುಂಟಾಕ್ಕೆ ಕೊಟ್ಟಿದ್ದಾರೆ. ಅಲ್ಲಿ ಮಳೆಯ ಬೇಸಾಯ, ಜೋಳ, ಸಜ್ಜೆ, ತೊಗರಿ, ಕುರಿ. ಅಕ್ಕಿ ಅಲ್ಲಿಯವರ ಪಾಲಿಗೆ ಕೊಂಡು ತರುವ ವಸ್ತು. ಆದ್ದರಿಂದಲೇ ಆ ಮನೆಯಲ್ಲಿ ಅವಳ ತವರಿಗೆ ದೊಡ್ಡ ಹೆಸರು, ಭತ್ತದ ನಾಡಿನ ಮಗಳು ಎಂದು. ತವರಿನಿಂದ ಹೊರಡುವ ಹೆಣ್ಣುಮಗಳಿಗೆ ನಾವು ಉಡಿ ತುಂಬುತ್ತೇವೆ. ಸೀರೆಯ ಸೆರಗೊಡ್ಡಿ ಅವಳು ಕೂಡಬೇಕು, ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಕುಪ್ಪಸದ ಕಣ ಹಾಕಬೇಕು. ಅವಳ ಗಂಡನ ಮನೆಯಲ್ಲಿ ಆ ಉಡಿಯನ್ನು ಮೊರದಲ್ಲಿ ಸುರಿದು ನೋಡುವ ರೂಢಿ ಇದೆ. ಅತ್ತೆ, ಮೈದುನರ ಹೆಂಡಿರಾದ ಇಬ್ಬರು ನೆಗೆಣ್ಣಿಯರು, ಅಕ್ಕಪಕ್ಕದವರು ಸುತ್ತ ಕೂತು ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾರೆ. ಒಮ್ಮೆ ಅಲ್ಲಿಗೆ ಹೋದಾಗ ನಾನೇ ಕಂಡಿದ್ದೇನೆ. ನಮ್ಮ ಅಕ್ಕಿಯನ್ನು ಅವರು ಮೂಸಿ ನೋಡುತ್ತಿದ್ದರೆ ಇವಳ ಮುಖ ಬೆಳಗುತ್ತಿತ್ತು.

ನಮ್ಮ ಅತ್ತೆ ತೀರಿಕೊಳ್ಳುವ ಮುಂಚೆ ನನ್ನಿಂದ ಬೇರೇನನ್ನೂ ಕೇಳಿಕೊಳ್ಳಲಿಲ್ಲ. ಬಂಗಾರ ಯಾರಿಗೆ, ಪಾತ್ರೆ ಯಾರಿಗೆ ಎಂಬ ಮಾತು ಬರಲಿಲ್ಲ. ನನ್ನ ಕೈ ಹಿಡಿದು ಅಂದದ್ದು ಇಷ್ಟೇ.

"ಆಕೀಗಿ ಇನ್ನ ನೀನ ತವರು. ಉಡಿ ನೋಡಿ ತುಂಬವ್ವಾ."

ಆ ವರ್ಷ ಇವರು ತಂಗಿಯನ್ನು ಕರೆಯಲು ಗುರುಗುಂಟಾಕ್ಕೆ ಹೋಗಲಿಲ್ಲ. ಪೆಟ್ರೋಲು ಯಾಕೆ ಸುಡಬೇಕು, ಫೋನಿನಲ್ಲೇ ಕರೆದರಾಯಿತು ಅಂದರು. ಅವಳು ಬೇಸರಪಡದೆ ಎರಡು ಬಸ್ಸು ಹತ್ತಿ ಬಂದಳು. ಸಜ್ಜೆ ಹಿಟ್ಟು, ಗುರೆಳ್ಳು, ಒಂದು ಡಬ್ಬಿ ಬೆಣ್ಣೆ ತಂದಿದ್ದಳು. ನಾನು ಕಟ್ಟಿದ ಎಳ್ಳುಂಡೆಗಳು ಮಕ್ಕಳು ಆಡುವ ಗೋಲಿಯಷ್ಟಿದ್ದವು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ರುಚಿಯಾಗಿದೆ ಅಂದಳು. ಎರಡು ದಿನ ಇದ್ದಳು. ಪಕ್ಕದ ಮನೆಯಿಂದ ಒಂದು ಸೇರು ಸೋನಾ ಮಸೂರಿ ಕಡ ತಂದು ಆ ಎರಡು ದಿನದ ಅನ್ನ ಸಾಗಿಸಿದೆ. ಉಡಿಗೆ ಉಳಿಯಲಿಲ್ಲ. ತಂಗಿಯ ಉಡಿ ಯಾವ ಲಕೋಟೆಯಲ್ಲಿ ಬರುತ್ತದೆ ಎಂದು ಗಂಡನನ್ನು ಕೇಳಿದರೆ, 'ಇತರೆ' ಅಂದರು. ಇತರೆಯ ಲಕೋಟೆಯಲ್ಲಿ ಫೋನಿನ ರೀಚಾರ್ಜಿಗೆ ಇಟ್ಟದ್ದು ಬಿಟ್ಟರೆ ಏನೂ ಇರಲಿಲ್ಲ.

ಒಂದು ಮಾತು ಬಿಡಿಸಿ ಹೇಳಬೇಕು. ಕಿರಾಣಿಯ ಲಕೋಟೆಯಲ್ಲಿ ಆಗ ದುಡ್ಡು ಇತ್ತು. ಅಕ್ಕಿ ತಂದಿದ್ದರೆ ಆ ತಿಂಗಳು ನಾನು ಸೋಲುತ್ತಿದ್ದೆ, ಅಷ್ಟೇ. ಗಂಡನ ಆ ಒಂದು ಮಾತಿನ ಮುಂದೆ ಸೋಲಬಾರದು ಎಂದು ಅತ್ತೆಯ ಮಾತನ್ನು ಬದಿಗೆ ಸರಿಸಿದೆ.

ರೇಷನ್ ಅಕ್ಕಿಯಲ್ಲಿ ಈಗ ಏನೋ ಸತ್ವ ಸೇರಿಸಿದ ಕಾಳು ಬೆರೆಸುತ್ತಾರೆ. ಊರಿನ ಬಾಯಲ್ಲಿ ಅದು ಪ್ಲಾಸ್ಟಿಕ್ ಅಕ್ಕಿ. ಬಣ್ಣ ಬೇರೆ, ನೀರಿಗೆ ಹಾಕಿದರೆ ತೇಲುತ್ತದೆ, ನೋಡಿದವರು ತಕ್ಷಣ ಹಿಡಿಯುತ್ತಾರೆ. ನಾದಿನಿ ಮಕ್ಕಳೊಡನೆ ಜೋಕಾಲಿಗೆ ಹೋಗಿದ್ದಾಗ ನಾನು ಮೊರ ಮಡಿಲಲ್ಲಿಟ್ಟುಕೊಂಡು ಆ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆದೆ. ಕುತ್ತಿಗೆ ನೋಯುವವರೆಗೂ ಆರಿಸಿದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಕಾಗುಣಿತದ ತಪ್ಪನ್ನೂ ನಾನು ಇಷ್ಟು ನಿಷ್ಠೆಯಿಂದ ಹುಡುಕಿದವಳಲ್ಲ. ವಾಸನೆ ಹೋಗಲೆಂದು ಬಿಸಿಲಿಗೆ ಹರವಿ, ಬಣ್ಣ ಮರೆಯಾಗಲೆಂದು ಅರಿಷಿಣ ಸವರಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಹೊರಡುವ ದಿನ ಅವಳು ದೇವರ ಮುಂದೆ ಸೆರಗೊಡ್ಡಿ ಕೂತಳು. ಐದು ಬೊಗಸೆ ಹಾಕಿದೆ. ಕೊಬ್ಬರಿ ಬಟ್ಟಲಿನ ಜಾಗದಲ್ಲಿ ಅರ್ಧ ಹೋಳು ಇಟ್ಟೆ. ಅವಳ ಕಣ್ಣು ಉಡಿಯ ಮೇಲೆ ಒಂದು ಗಳಿಗೆ ನಿಂತಿತು. ಮೋಟುಮೋಟಾದ ದಪ್ಪ ಕಾಳು, ಅರ್ಧಕ್ಕರ್ಧ ನುಚ್ಚು. ವಿಚಿತ್ರ ಕಾಳನ್ನೆಲ್ಲ ಆರಿಸಿ ತೆಗೆದ ನಾನು, ಉಳಿದದ್ದೂ ರೇಷನ್ ಅಕ್ಕಿಯೇ ಎಂಬುದನ್ನು ಮರೆತಿದ್ದೆ. ಉಡಿ ತುಂಬಿಸಿಕೊಂಡವಳು ತವರು ಬರಿದಾಗದಿರಲಿ ಎಂದು ಒಂದು ಹಿಡಿ ಅಕ್ಕಿಯನ್ನು ಮರಳಿ ಮನೆಯ ಡಬ್ಬಿಗೆ ಹಾಕಿ ಹೋಗುವುದು ನಮ್ಮಲ್ಲಿ ಪದ್ಧತಿ. ಅವಳು ಒಂದು ಹಿಡಿ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಒಂದು ಮುಚ್ಚಳ ತೆಗೆದು ಹಾಕಿದ ಸದ್ದು ಕೇಳಿಸಿತು. ಆಮೇಲೆ ಇನ್ನೊಂದರ ಸದ್ದು. ಹೊರಗೆ ಬಂದು ಸಮಾಧಾನದಿಂದಲೇ ಹೇಳಿದಳು.

"ಯಾವ ಡಬ್ಬ್ಯಾಗಿಂದು ಬಂದಿತ್ತೋ ಅದಕ್ಕ ಹಾಕೀನಿ, ಯಕ್ಕಾ."

ಕಪಾಳಕ್ಕೆ ಹೊಡೆದಿದ್ದರೆ ಸಹಿಸುತ್ತಿದ್ದೆ. ಅವಳು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಬಸ್ಸಿಗೆ ಹೋದಳು.

ಎರಡು ದಿನ ಬಿಟ್ಟು ಮಸ್ಕಿಯಿಂದ ಅಣ್ಣ ಫೋನ್ ಮಾಡಿದ. ನನ್ನ ಅಣ್ಣನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದಕ್ಕೇ ನನಗೆ ವಿಷಯ ತಿಳಿದದ್ದು. ನಾದಿನಿ ಮಸ್ಕಿಯಲ್ಲಿ ಬಸ್ಸಿನಿಂದ ಇಳಿದು ಅವನ ಅಂಗಡಿಗೆ ಬಂದಿದ್ದಳಂತೆ. ಒಳ್ಳೆಯ ಸೋನಾ ಮಸೂರಿ ಎರಡು ಕಿಲೋ ಕೊಡಿ ಅಂದಳಂತೆ, ಒಂದು ಇಡೀ ಕೊಬ್ಬರಿ ಬಟ್ಟಲು ಕೂಡ. ಸಿಂಧನೂರಿನಿಂದ ಹೊರಟವಳು ಮಸ್ಕಿಯಲ್ಲಿ ಅಕ್ಕಿ ಕೊಳ್ಳುವುದೇನು ಎಂದು ಅವನು ಕೇಳಿದ್ದಾನೆ. ಅವಳು ಹೇಳಿದ್ದನ್ನು ಅಣ್ಣ ಹಾಗೇ ಒಪ್ಪಿಸಿದ.

"ಅವಸರದಾಗ ಯಕ್ಕ ದೋಸೆಗಿ ಇಟ್ಟ ಅಕ್ಕಿ ಉಡ್ಯಾಗ ಹಾಕ್ಯಾಳರಿ. ಆಕೀ ಮುಂದ ಹೇಳಬ್ಯಾಡ್ರಿ, ನೊಂದ್ಕೊಂತಾಳ."

ದುಡ್ಡು ಬೇಡವೆಂದರೂ ಅವಳು ಕೇಳಲಿಲ್ಲವಂತೆ. ನಾನು ಕೊಟ್ಟ ಅಕ್ಕಿಯನ್ನು ಚೆಲ್ಲಲಿಲ್ಲ, ಯಾರಿಗೂ ಕೊಡಲಿಲ್ಲ, ಉಡಿಯ ಅಕ್ಕಿ ಪರರಿಗೆ ಕೊಡಬಾರದೆಂದು ಬೇರೆ ಕಟ್ಟಿ ಬ್ಯಾಗಿನ ತಳಕ್ಕೆ ಇಟ್ಟುಕೊಂಡಳಂತೆ. ಕೊಂಡ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂದಿನ ಬಸ್ಸು ಹತ್ತಿದಳಂತೆ. ಡಬ್ಬಿಗೆ ಲೇಬಲ್ ಅಂಟಿಸಿಕೋ, ನಾಳೆ ಉಪ್ಪಿನ ಬದಲು ಸೋಡಾ ಹಾಕೀಯ ಎಂದು ಅಣ್ಣ ನಕ್ಕ. ಗುರುಗುಂಟಾದ ಮೊರದಲ್ಲಿ ಆ ದಿನ ನಮ್ಮ ಮನೆಯ ಮಾನ ಉಳಿಯಿತು. ಉಳಿಸಿದವಳು ಅದನ್ನು ಮಸ್ಕಿಯ ಬಸ್ ನಿಲ್ದಾಣದಲ್ಲಿ ಕೊಂಡು ತಂದಿದ್ದಳು, ಅದೂ ನನ್ನ ಅಣ್ಣನ ಕೈಯಿಂದ. ನಾನು ಓಣಿಗೆಲ್ಲ ಹೇಳಿಕೊಂಡು ಬಂದ ಅದೇ ಸುಳ್ಳನ್ನು ನನ್ನ ಪರವಾಗಿ ಅವಳು ಹೇಳಿದ್ದಳು.

ಅವಳು ದೀಪಾವಳಿಗೆ ಬರಲಿಲ್ಲ. ಕುರಿ ಈಯುವ ಹೊತ್ತು ಎಂದಳು. ಸಂಕ್ರಾಂತಿಗೆ ಬರಲಿಲ್ಲ. ತೊಗರಿ ರಾಶಿ ಎಂದಳು. ಇವರು ಅದನ್ನೂ ನಂಬಿ, ಬಂದು ಹೋಗುವ ಖರ್ಚು ಉಳಿಯಿತು ಅಂದರು. ಆ ಮಾತಿಗೆ ನಾನು ಲಟ್ಟಣಿಗೆ ಎತ್ತಲಿಲ್ಲ ಎಂಬುದೇ ಆಶ್ಚರ್ಯ. ನಿಜ ಹೇಳುವ ಧೈರ್ಯ ನನಗೂ ಇರಲಿಲ್ಲ. ವರ್ಷ ತುಂಬಿತು, ಲಕೋಟೆ ಒಮ್ಮೆಯೂ ಹರಿಯಲಿಲ್ಲ, ನಾನು ಗೆದ್ದೆ. ಇವರು ಭೇಷ್ ಎಂದರು. ಗೆದ್ದ ದಿನವೇ ಕಿರಾಣಿಯ ಲಕೋಟೆಯನ್ನು ಒಲೆಗೆ ಹಾಕಿ, ಗಿರಣಿಯಿಂದ ಒಂದು ಚೀಲ ಹಳೆಯ ಸೋನಾ ಮಸೂರಿ ತರಿಸಿದೆ. ನೀಲಿ ಡಬ್ಬಿಯನ್ನು ಕಂಠದವರೆಗೆ ತುಂಬಿದೆ. ಕೆಂಪು ಮುಚ್ಚಳದ್ದನ್ನು ತೊಳೆದು ಅಟ್ಟಕ್ಕೆ ಹಾಕಿದೆ. ಪಂಚಮಿಗೆ ನೀವೇ ಹೋಗಿ ತಂಗಿಯನ್ನು ಕರೆತರದಿದ್ದರೆ ನಿಮ್ಮ ಸೈಟಿನಲ್ಲೇ ಒಲೆ ಹೂಡಿಕೊಳ್ಳಿ ಎಂದು ಗಂಡನಿಗೆ ಹೇಳಿದೆ. ಹೋದರು.

ಅವಳು ಬಂದಳು. ನನ್ನ ಗಂಡನ ಗಾಡಿಯ ಹಿಂದೆ ಕೂತು, ತೊಡೆಯ ಮೇಲೆ ಒಂದು ಭಾರದ ಬ್ಯಾಗು ಇಟ್ಟುಕೊಂಡು ಬಂದಳು. ಅವರು ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದಾಗ ನನ್ನನ್ನು ಅಡುಗೆಮನೆಗೆ ಕರೆದು ಬ್ಯಾಗು ಬಿಚ್ಚಿದಳು. ಬೆಣ್ಣೆ, ಗುರೆಳ್ಳು, ಸಜ್ಜೆ ಹಿಟ್ಟಿನ ಕೆಳಗಿನಿಂದ ಐದು ಕಿಲೋ ಅಕ್ಕಿಯ ಚೀಲ ತೆಗೆದಳು. ಬರುವಾಗ ಲಿಂಗಸುಗೂರಿನಲ್ಲಿ ಗಾಡಿ ನಿಲ್ಲಿಸಿ, ಬಳೆ ಕೊಳ್ಳಬೇಕೆಂದು ತನ್ನ ಅಣ್ಣನಿಗೆ ಹೇಳಿ ಅಂಗಡಿಗೆ ಹೋಗಿದ್ದಳು.

"ಅಣ್ಣಗ ಏನರ ತ್ರಾಸ ಇದ್ರ ನನ್ನ ಮುಂದ ಹೇಳಬೇಕಿತ್ತಲ್ಲ, ಯಕ್ಕಾ. ಉಡಿಗಿ ಇದನ್ನ ಹಾಕು. ಉಳಿದಿದ್ದು ಹುಡುಗರಿಗಾತು."

ಇಡೀ ವರ್ಷ ಅವಳು ನಮ್ಮನ್ನು ಬಡವರೆಂದುಕೊಂಡಿದ್ದಳು. ನಮ್ಮ ಖರ್ಚು ತಪ್ಪಲೆಂದೇ ಬಾರದೆ ಉಳಿದಿದ್ದಳು. ಹೌದವ್ವಾ, ತ್ರಾಸವಿತ್ತು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇನ್ನೊಂದು ಸುಳ್ಳು ನನ್ನ ಬಾಯಿಂದ ಹೊರಡಲಿಲ್ಲ. ನೀಲಿ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ.

"ತ್ರಾಸ ಏನಿರಲಿಲ್ಲವ್ವಾ. ಸೈಟ್ ತಗೊಳ್ಳಾಕತ್ತೀವಿ, ಅದಕ್ಕ."

ಅವಳು ತುಂಬಿದ ಡಬ್ಬಿಯನ್ನು ನೋಡಿದಳು, ತಾನು ತಂದ ಚೀಲವನ್ನು ನೋಡಿದಳು. ಛಲೋ ಆತು ಎಂದಳು. ಬಡತನವಿದ್ದಿದ್ದರೆ ಅವಳು ನನ್ನನ್ನು ಕ್ಷಮಿಸುತ್ತಿದ್ದಳು, ಕ್ಷಮಿಸಿಯೂ ಆಗಿತ್ತು. ಇದಕ್ಕೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಬ್ಯಾಗಿನ ಬಾಯಿಯ ದಾರವನ್ನು ಎಳೆದು ಕಟ್ಟಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟಿದಳು.

ಆ ದಿನ ಅವಳು ತಂದ ಅಕ್ಕಿಯನ್ನೇ ಅಡುಗೆಗೆ ಇಟ್ಟೆ. ಇವರು ಮೊದಲ ತುತ್ತಿಗೇ ಅನ್ನ ಹೂವಿನ ಹಾಗಿದೆ, ಯಾವ ಗಿರಣಿಯದು ಅಂದರು.

"ನಿಮ್ಮ ತಂಗಿ ಲಿಂಗಸುಗೂರಿಂದ ಹೊತ್ಕೊಂಡು ಬಂದಾಳ. ಸಿಂಧನೂರಿಗಿ ಉಡಿ ತುಂಬ್ಯಾಳ, ಉಣ್ರಿ."

ಹೋದ ಪಂಚಮಿಯದನ್ನೆಲ್ಲ ಅಲ್ಲೇ, ಮಕ್ಕಳ ಎದುರಿಗೇ ಹೇಳಿದೆ. ಕೆಂಪು ಡಬ್ಬಿ, ಆರಿಸಿದ ಕಾಳು, ಮಸ್ಕಿಯ ಅಂಗಡಿ, ಒಂದನ್ನೂ ಬಿಡಲಿಲ್ಲ. ಅವಳು ಸುಮ್ಮನಿರು ಯಕ್ಕಾ ಎಂದು ಎರಡು ಸಲ ಅಂದಳು. ಇವರು ತಲೆ ತಗ್ಗಿಸಿ ತಟ್ಟೆಯಲ್ಲಿದ್ದದ್ದನ್ನು ಉಂಡರು. ನನಗೂ ಅವರನ್ನು ಬೈಯುವ ಮುಖ ಉಳಿದಿರಲಿಲ್ಲ, ಅಕ್ಕಿ ಹಾಕಿದ್ದು ನನ್ನ ಬೊಗಸೆ.

ಮೂರನೆಯ ದಿನ ಉಡಿ ತುಂಬಿದೆ. ಹೊಸ ಕಣ, ಎರಡು ಇಡೀ ಕೊಬ್ಬರಿ ಬಟ್ಟಲು, ನೀಲಿ ಡಬ್ಬಿಯಿಂದ ಐದು ಬೊಗಸೆ. ಸೆರಗು ಭಾರಕ್ಕೆ ಜಗ್ಗಿತು. ಸಾಕು ಯಕ್ಕಾ ಎಂದಳು, ನಕ್ಕಳು ಕೂಡ. ಎಲ್ಲ ಸರಿಹೋಯಿತು ಎಂದು ನಾನು ಉಸಿರು ಬಿಟ್ಟೆ. ಅವಳು ಒಂದು ಹಿಡಿ ಅಕ್ಕಿ ತೆಗೆದುಕೊಂಡು ಅಡುಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಹಲಗೆಯ ಮೇಲೆ ಇದ್ದದ್ದು ನೀಲಿ ಮುಚ್ಚಳದ ಅದೊಂದೇ ಡಬ್ಬಿ. ಅವಳು ಅದರ ಮುಂದೆ ಮುಷ್ಟಿ ಹಿಡಿದು ನಿಂತು, ತಿರುಗಿ ನನ್ನ ಮುಖ ನೋಡಿದಳು.

"ಯಾವ ಡಬ್ಬಿಗಿ ಹಾಕಲಿ, ಯಕ್ಕಾ?"